ಯಾರ ಮನೆ? — ಬೌದ್ಧಿಕ ವೈಕಲ್ಯವುಳ್ಳ ವಯಸ್ಕರ ಸಹವಾಸ: ನಾಲ್ಕು ಕೃತಿಗಳ ವಿವೇಚನೆ

೧

ಬೌದ್ಧಿಕ ವೈಕಲ್ಯವುಳ್ಳ ವ್ಯಕ್ತಿಯನ್ನು ಗಂಭೀರವಾದ ಕಾವ್ಯವಸ್ತುವಾಗಿ ಪರಿಗ್ರಹಿಸಿದ ಇಂಗ್ಲಿಷ್ ಕವಿಗಳಲ್ಲಿ ವರ್ಡ್ಸ್‌ವರ್ತನು ಪ್ರಮುಖನು. ೧೭೯೮ರ 'ಲಿರಿಕಲ್ ಬ್ಯಾಲಡ್ಸ್' ಸಂಕಲನದಲ್ಲಿ ಅವನ 'ದಿ ಈಡಿಯಟ್ ಬಾಯ್' ಎಂಬ ಕವನ ಅಚ್ಚಾದಾಗ ರಸಿಕರೆನಿಸಿಕೊಂಡ ಕೆಲವರು ಮೂಗು ಮುರಿದರು. ಜಾನ್ ವಿಲ್ಸನ್ ಎಂಬ ತರುಣ ವಿದ್ಯಾರ್ಥಿ ಎತ್ತಿದ ಆಕ್ಷೇಪಕ್ಕೆ ಉತ್ತರವಾಗಿ ೧೮೦೨ರಲ್ಲಿ ಕವಿ ಬರೆದ ಕಾಗದವೊಂದು ಉಳಿದುಬಂದಿದೆ. ಅದರ ವಾದ ಕುತೂಹಲಕರವಾದದ್ದು. ಬಡವರ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಮನೆಯವರೇ ಅದನ್ನು ನೋಡಿಕೊಳ್ಳಬೇಕು. ಸಿರಿವಂತರಾದರೋ ಹಣ ತೆತ್ತು ಬೇರೆಲ್ಲೋ ಇರಿಸಬಲ್ಲರು. ನೆರೆಹೊರೆಯಲ್ಲಿ ಇಂಥವರನ್ನು ಅಡಿಗಡಿಗೆ ಕಾಣುವ ಬಡಜನರಲ್ಲಿ ಜುಗುಪ್ಸೆ ತಾನಾಗಿ ಅಳಿಯುತ್ತದೆ. ಕಾಣದವರಲ್ಲಿ ಅದು ಉಳಿದುಕೊಳ್ಳುತ್ತದೆ. ಇದು ಅವನ ಮಾತಿನ ತಾತ್ಪರ್ಯ.

ಕಾವ್ಯಮೀಮಾಂಸೆಯ ದೃಷ್ಟಿಯಿಂದ ಈ ವಾದಕ್ಕೆ ವಿಶೇಷವಾದ ಬೆಲೆಯುಂಟು. ಜುಗುಪ್ಸೆಯನ್ನು ನಾವು ಸ್ಥಾಯಿಭಾವಗಳಲ್ಲಿ ಒಂದೆಂದು ಎಣಿಸುತ್ತೇವೆ. ಅದು ಮನುಷ್ಯಸಹಜವೆಂದು ಭಾವಿಸುತ್ತೇವೆ. ವರ್ಡ್ಸ್‌ವರ್ತನಾದರೋ ಈ ಒಂದು ಪ್ರಸಂಗದಲ್ಲಿ ಅದರ ಮೂಲವನ್ನು ಸಮಾಜದ ವಸತಿವ್ಯವಸ್ಥೆಯಲ್ಲಿ ಗುರುತಿಸಿದ್ದಾನೆ. ಯಾರನ್ನು ಎಲ್ಲಿ ಇರಿಸಿದ್ದೇವೆ ಎಂಬುದರ ಮೇಲೆ ಯಾರ ವಿಷಯದಲ್ಲಿ ನಮಗೆ ಯಾವ ಭಾವ ಹುಟ್ಟೀತು ಎಂಬುದು ನಿಂತಿದೆ ಎಂದ ಹಾಗಾಯಿತು. ರಸದ ಪ್ರಶ್ನೆಯೂ ವಾಸದ ಪ್ರಶ್ನೆಯೂ ಹೀಗೆ ಒಂದರೊಡನೊಂದು ಹೆಣೆದುಕೊಂಡಿವೆ.

ಆದರೆ ವರ್ಡ್ಸ್‌ವರ್ತನ ನಾಯಕ ಹುಡುಗ. ಅವನಿಗೆ ತಾಯಿ ಇದ್ದಾಳೆ. ಹುಡುಗ ಬೆಳೆದು ದೊಡ್ಡವನಾಗುತ್ತಾನೆ. ತಾಯಿ ಮುದುಕಿಯಾಗುತ್ತಾಳೆ, ಒಂದು ದಿನ ತೀರಿಕೊಳ್ಳುತ್ತಾಳೆ. ಆಮೇಲೆ ಅವನು ಎಲ್ಲಿರಬೇಕು? ಈ ಪ್ರಶ್ನೆಯನ್ನು ಕವನ ಎತ್ತುವುದಿಲ್ಲ. ಅದನ್ನು ಎತ್ತಿದ ಮೂರು ಅಮೆರಿಕನ್ ಕೃತಿಗಳನ್ನೂ ಒಂದು ಜಪಾನೀ ಕೃತಿಯನ್ನೂ ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಆ ಮನೆ ಯಾರದು? ಅದರ ಬೀಗದ ಕೈ ಯಾರಲ್ಲಿದೆ? ನೋಡಿಕೊಳ್ಳುವವರು ಇಲ್ಲವಾದರೆ ಏನಾಗುತ್ತದೆ? ಈ ಮೂರು ಪ್ರಶ್ನೆಗಳೇ ಇಲ್ಲಿ ನಮಗೆ ಒರೆಗಲ್ಲು.

೨

ವಿಲಿಯಂ ಫಾಕ್ನರನ 'ದಿ ಸೌಂಡ್ ಅಂಡ್ ದಿ ಫ್ಯೂರಿ' (೧೯೨೯) ಕಾದಂಬರಿಯ ಮೊದಲ ಭಾಗ ಮೂವತ್ತಮೂರು ವರ್ಷದ, ಮಾತು ಬಾರದ ಬೆಂಜಿಯ ಪ್ರಜ್ಞೆಯ ಮೂಲಕ ನಿರೂಪಿತವಾಗಿದೆ. ಆ ನಿರೂಪಣೆಯಲ್ಲಿ ಹಿಂದುಮುಂದಾಗುವ ಕಾಲದ ತಂತ್ರವನ್ನು ವಿಮರ್ಶಕರು ಬಹಳವಾಗಿ ಚರ್ಚಿಸಿದ್ದಾರೆ. ಆ ತಂತ್ರದ ಬೆರಗಿನಲ್ಲಿ ಸ್ಥಳದ ವಿಚಾರ ಸ್ವಲ್ಪ ಮರೆಯಾಗಿದೆಯೆಂದು ತೋರುತ್ತದೆ.

ಬೆಂಜಿ ಇರುವುದು ಹುಟ್ಟಿದ ಮನೆಯಲ್ಲೇ. ಆದರೆ ಆ ಮನೆಯ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿ ನೋಡೋಣ. ಸುತ್ತ ಬೇಲಿಯಿದೆ, ಬೇಲಿಗೆ ಗೇಟು ಇದೆ. ಅವನ ಹಿಂದೆ ಸದಾ ಒಬ್ಬ ಕಾವಲುಗಾರ, ಲಸ್ಟರ್ ಎಂಬ ಕಪ್ಪು ಹುಡುಗ. ಬೆಂಜಿಗೆ ಪ್ರಿಯವಾಗಿದ್ದ ಹುಲ್ಲುಗಾವಲನ್ನು ಅಣ್ಣನ ಹಾರ್ವರ್ಡ್ ವಿದ್ಯಾಭ್ಯಾಸಕ್ಕಾಗಿ ಮಾರಿದ್ದಾಯಿತು. ಈಗ ಅದು ಗಾಲ್ಫ್ ಮೈದಾನ. ಒಂದು ದಿನ ಗೇಟು ತೆರೆದಿದ್ದಾಗ ಅವನು ಹೊರಗೆ ಬಂದು ದಾರಿಯಲ್ಲಿ ಹೋಗುತ್ತಿದ್ದ ಶಾಲೆಯ ಹುಡುಗಿಯನ್ನು ಹಿಡಿದುಕೊಂಡುದರ ಫಲವಾಗಿ ಅವನಿಗೆ ವೃಷಣಚ್ಛೇದನವಾಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೨೭ರಲ್ಲಿ 'ಬಕ್ ವಿರುದ್ಧ ಬೆಲ್' ಮೊಕದ್ದಮೆಯಲ್ಲಿ, ಬುದ್ಧಿಮಾಂದ್ಯರೆಂದು ನಿರ್ಣಯಿಸಲ್ಪಟ್ಟವರ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ಎತ್ತಿಹಿಡಿದಿತ್ತು ಎಂಬುದನ್ನು ನೆನೆದರೆ ಫಾಕ್ನರನ ಕಲ್ಪನೆ ಕಾಲಕ್ಕೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ ಅವನ ಹೆಸರನ್ನೇ ಮನೆಯವರು ಕಿತ್ತುಕೊಂಡಿದ್ದಾರೆ. ಹುಟ್ಟಿದಾಗ ಸೋದರಮಾವನ ಹೆಸರನ್ನಿಟ್ಟು ಮೌರಿ ಎಂದು ಕರೆದಿದ್ದರು. ವೈಕಲ್ಯ ತಿಳಿದ ಮೇಲೆ, ತನ್ನ ಸೋದರನ ಹೆಸರಿಗೆ ಕುಂದು ಬಂದೀತೆಂದು ತಾಯಿ ಅದನ್ನು ಬೆಂಜಮಿನ್ ಎಂದು ಬದಲಿಸಿದಳು.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ನನು ೧೯೬೧ರಲ್ಲಿ ಪ್ರಕಟಿಸಿದ 'ಅಸೈಲಮ್ಸ್' ಗ್ರಂಥದಲ್ಲಿ 'ಸರ್ವಾವರಣ ಸಂಸ್ಥೆ' ಎಂದು ಕನ್ನಡಿಸಬಹುದಾದ ಪರಿಕಲ್ಪನೆಯೊಂದನ್ನು ನಿರೂಪಿಸಿದನು. ನಿದ್ರೆ, ಕೆಲಸ, ವಿನೋದ ಮೂರೂ ಒಂದೇ ಆವರಣದಲ್ಲಿ ಒಂದೇ ಅಧಿಕಾರದ ಕೆಳಗೆ ನಡೆಯುವುದು, ಹೊರಜಗತ್ತಿನಿಂದ ಬೇರ್ಪಡಿಸುವುದು, ವ್ಯಕ್ತಿಯ ಹಿಂದಿನ ಗುರುತನ್ನು ಕಳಚುವುದು ಇದರ ಲಕ್ಷಣಗಳು. ಕಾಂಪ್ಸನ್ನರ ಮನೆಯಲ್ಲಿ ಇವೆಲ್ಲವೂ ಇವೆ. ಕುಟುಂಬವೆಂದರೆ ವಾತ್ಸಲ್ಯ, ಸಂಸ್ಥೆಯೆಂದರೆ ಸೆರೆ ಎಂಬ ಸರಳ ವಿಭಾಗ ಇಲ್ಲಿ ನಿಲ್ಲುವುದಿಲ್ಲ. ಅಣ್ಣ ಜೇಸನ್ನನು ಬೆಂಜಿಯನ್ನು ಜಾಕ್ಸನ್ನಿನ ಹುಚ್ಚಾಸ್ಪತ್ರೆಗೆ ಕಳುಹಿಸಬೇಕೆಂದು ಗೊಣಗುತ್ತಲೇ ಇರುತ್ತಾನೆ. ೧೯೪೬ರಲ್ಲಿ ಅಚ್ಚಾದ ಅನುಬಂಧದಲ್ಲಿ, ೧೯೩೩ರಲ್ಲಿ ಹಾಗೆಯೇ ಆಯಿತೆಂದು ಫಾಕ್ನರನು ಬರೆದಿದ್ದಾನೆ. ಬೆಂಜಿ ಅಂದು ಮನೆಯಿಂದ ಸಂಸ್ಥೆಗೆ ಹೋದನೆನ್ನುವುದಕ್ಕಿಂತ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಹೋದನೆನ್ನುವುದು ಉಚಿತ.

ಈ ಕತ್ತಲೆಯಲ್ಲಿ ಒಂದೇ ಒಂದು ಬೆಳಕಿಂಡಿಯಿದೆ. ಈಸ್ಟರ್ ಭಾನುವಾರ ಅಡಿಗೆಯ ಡಿಲ್ಸಿ ಬೆಂಜಿಯನ್ನು ತನ್ನ ಜನರ ಇಗರ್ಜಿಗೆ ಕರೆದುಕೊಂಡು ಹೋಗುತ್ತಾಳೆ. ಜನ ಆಡಿಕೊಳ್ಳುತ್ತಾರೆಂದು ಮಗಳು ಎಚ್ಚರಿಸಿದರೂ ಅವಳು ಕೇಳುವುದಿಲ್ಲ. ಇಡೀ ಕಾದಂಬರಿಯಲ್ಲಿ ಬೆಂಜಿ ನಾಲ್ಕು ಜನರ ನಡುವೆ ತಾನೂ ಒಬ್ಬನಾಗಿ ಕುಳಿತಿರುವುದು ಅಲ್ಲಿ ಮಾತ್ರ. ಸಮುದಾಯವೆಂದರೇನೆಂಬುದನ್ನು ಫಾಕ್ನರನು ಬಲ್ಲ. ಆದರೆ ಅದನ್ನು ವಾರಕ್ಕೊಂದು ದಿನದ ಅನುಗ್ರಹವಾಗಿ, ಒಬ್ಬ ವೃದ್ಧೆಯ ಔದಾರ್ಯವಾಗಿ ಮಾತ್ರ ಕಂಡಿದ್ದಾನೆ. ಡಿಲ್ಸಿ ಇಲ್ಲದ ಮೇಲೆ ಏನು ಎಂಬ ಪ್ರಶ್ನೆಗೆ ಅನುಬಂಧವೇ ಉತ್ತರ.

೩

ಜಾನ್ ಸ್ಟೈನ್‌ಬೆಕ್ಕನ 'ಆಫ್ ಮೈಸ್ ಅಂಡ್ ಮೆನ್' (೧೯೩೭) ಎಂಬ ಕಿರುಕಾದಂಬರಿಯನ್ನು ಸಾಮಾನ್ಯವಾಗಿ ಇಬ್ಬರು ಕೂಲಿಗಳ ಸ್ನೇಹದ ಕಥೆಯೆಂದು ಓದುತ್ತಾರೆ. ಜಾರ್ಜ್ ಚಿಕ್ಕ ಆಳು, ಚುರುಕು ಬುದ್ಧಿಯವನು. ಲೆನ್ನಿ ದೈತ್ಯದೇಹಿ, ಮಗುವಿನ ಬುದ್ಧಿಯವನು. ಲೆನ್ನಿಯನ್ನು ಸಾಕಿದ ಕ್ಲಾರಾ ಅತ್ತೆ ಸತ್ತ ಮೇಲೆ ಜಾರ್ಜನೇ ಅವನಿಗೆ ದಿಕ್ಕು. ಕ್ಯಾಲಿಫೋರ್ನಿಯದ ಜಮೀನಿನಿಂದ ಜಮೀನಿಗೆ ಅಲೆಯುವ ಇವರಿಗೊಂದು ಕನಸು: ಸ್ವಂತದ ತುಂಡು ನೆಲ, ಅಲ್ಲೊಂದು ಮನೆ, ಲೆನ್ನಿ ಮೇವು ಹಾಕಿ ಸಾಕುವ ಮೊಲಗಳು.

ಈ ಕನಸು ಬೆಳೆಯುವ ಕ್ರಮವನ್ನು ಗಮನಿಸಬೇಕು. ಮೊದಲು ಅದು ಇಬ್ಬರದು. ಯಂತ್ರಕ್ಕೆ ಸಿಕ್ಕಿ ಒಂದು ಕೈ ಕಳೆದುಕೊಂಡ ಮುದುಕ ಕ್ಯಾಂಡಿ, ಆ ಕೈಗಾಗಿ ದೊರೆತ ಪರಿಹಾರದ ೨೫೦ ಡಾಲರೂ ಸೇರಿದಂತೆ ತನ್ನ ಉಳಿತಾಯವನ್ನೆಲ್ಲ ಹಾಕಿ ತಾನೂ ಬರುತ್ತೇನೆನ್ನುತ್ತಾನೆ. ನೆಲದ ಬೆಲೆ ೬೦೦ ಡಾಲರಾದೀತೆಂದು ಜಾರ್ಜನ ಅಂದಾಜು. ಅರ್ಧಕ್ಕಿಂತ ಹೆಚ್ಚು ಹಣ ಹೀಗೆ ಒದಗಿತು. ಅನಂತರ, ಕಪ್ಪುಬಣ್ಣದವನೆಂಬ ಕಾರಣಕ್ಕೆ ಲಾಯದ ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಮಲಗುವ, ಬೆನ್ನು ಡೊಂಕಾದ ಕ್ರೂಕ್ಸನೂ ಒಂದು ಕ್ಷಣ ಆಸೆಪಟ್ಟು, ಕೂಲಿ ಬೇಡ, ಇರಲು ಎಡೆ ಸಾಕು ಎಂಬ ಅರ್ಥದ ಮಾತನ್ನಾಡುತ್ತಾನೆ. ಒಬ್ಬನಿಗೆ ಬುದ್ಧಿ ಸಾಲದು, ಒಬ್ಬನಿಗೆ ಕೈಯಿಲ್ಲ, ಒಬ್ಬನಿಗೆ ಬೆನ್ನು ನೆಟ್ಟಗಿಲ್ಲ. ಇವರೊಡನೆ ದೃಢಕಾಯನಾದ ಒಬ್ಬ ಜೊತೆಗಾರ. ದುಡಿಮೆಯಿಂದ ದೂರವಾಗುವ ಭಯವುಳ್ಳ ನಾಲ್ವರು ಒಂದು ಸೂರಿನಡಿ, ತಮ್ಮದೇ ಹಣದಿಂದ, ತಮ್ಮ ಕೈಲಾದ ಕೆಲಸವನ್ನು ಹಂಚಿಕೊಂಡು ಬಾಳುವ ಯೋಜನೆಯಿದು. ಇಂದು 'ಗ್ರೂಪ್ ಹೋಮ್' ಎಂದು ಕರೆಯುವ ಸಮೂಹಗೃಹದ ಅತ್ಯುತ್ತಮ ಚಿತ್ರಗಳಲ್ಲಿ ಇದೂ ಒಂದೆಂದು ಹೇಳಿದರೆ ಅತಿಶಯವಾಗಲಾರದು. ಆ ಬಗೆಯ ಗೃಹಗಳು ಸಾಮಾನ್ಯವಾಗುವ ಎಷ್ಟೋ ವರ್ಷ ಮೊದಲೇ ಸ್ಟೈನ್‌ಬೆಕ್ಕನು ಅದನ್ನು ಕಂಡಿದ್ದಾನೆ.

ಇದಕ್ಕೆ ಎದುರಾಗಿ ಅವನು ನಿಲ್ಲಿಸಿರುವ ಚಿತ್ರವೂ ಸ್ಪಷ್ಟವಾಗಿದೆ. ಜಾರ್ಜ್ ಮರಳದಿದ್ದರೆ ಲೆನ್ನಿಯನ್ನು ಹುಚ್ಚಾಸ್ಪತ್ರೆಗೆ ಒಯ್ದು ನಾಯಿಯಂತೆ ಕೊರಳಪಟ್ಟಿ ಕಟ್ಟುವರೆಂದು ಕ್ರೂಕ್ಸನು ಹೆದರಿಸುತ್ತಾನೆ. ಕೊನೆಯಲ್ಲಿ, ಕೈಮೀರಿದ ಅನಾಹುತವಾದ ಮೇಲೆ, ಹಿಡಿದು ಪಂಜರದಲ್ಲಿ ಕಟ್ಟಿಹಾಕುವುದು ಸರಿಯಲ್ಲವೆಂದು ವಿವೇಕಿಯಾದ ಸ್ಲಿಮ್ ಕೂಡ ಜಾರ್ಜನಿಗೆ ಹೇಳುತ್ತಾನೆ. ಪಂಜರ, ಕೊಲೆ ಈ ಎರಡರ ಹೊರತು ಮೂರನೆಯ ದಾರಿ ಉಳಿಯದಂತೆ ಕಥೆಯನ್ನು ಕಟ್ಟಲಾಗಿದೆ. ಕ್ಯಾಂಡಿಯ ಮುದಿನಾಯಿಯನ್ನು ಕೊಂದ ಪಿಸ್ತೂಲಿನಿಂದಲೇ ಜಾರ್ಜನು ಲೆನ್ನಿಯನ್ನು, ಮೊಲಗಳ ಕನಸನ್ನು ಹೇಳುತ್ತ, ಕೊಲ್ಲುತ್ತಾನೆ.

ಈ ಅಂತ್ಯದ ಕರುಣೆ ಓದುಗನನ್ನು ಕರಗಿಸುವುದು ನಿಜ. ಆದರೆ ಔಚಿತ್ಯವಿಚಾರ ಮಾಡುವವನು ಇಲ್ಲಿ ತಡೆದು ನಿಲ್ಲಬೇಕು. ನಾಯಿಯ ಪ್ರಸಂಗವನ್ನು ಮುಂದಾಗಿ ಇಟ್ಟು, ಪ್ರಾಣಿಯ ದಯಾಮರಣವನ್ನು ಮನುಷ್ಯನ ಮರಣಕ್ಕೆ ಪ್ರತಿಮೆಯಾಗಿಸಿದ್ದರಿಂದ, ಆ ಕೊಲೆ ಪ್ರೇಮದ ಕೃತ್ಯವೆಂದು ಒಪ್ಪಲು ನಮ್ಮ ಮನಸ್ಸು ಸಿದ್ಧವಾಗಿಬಿಡುತ್ತದೆ. ಕನಸಿನ ಮನೆ ಏಕೆ ಮುರಿಯಿತೆಂಬ ಪ್ರಶ್ನೆ ಆ ಕಣ್ಣೀರಿನಲ್ಲಿ ಕೊಚ್ಚಿಹೋಗುತ್ತದೆ. ಕ್ಯಾಂಡಿಯ ಹಣ ಇನ್ನೂ ಇದೆ, ನೆಲವೂ ಇದೆ. ಆದರೂ ಲೆನ್ನಿ ಹೋದೊಡನೆ ಎಲ್ಲವೂ ಕುಸಿಯುತ್ತದೆ. ಆ ಮನೆಯೆಲ್ಲ ನಿಂತಿದ್ದುದು ಒಬ್ಬ ಜಾರ್ಜನ ಮನಸ್ಸಿನ ಮೇಲೆ. ಅದಕ್ಕೆ ಬೇರೆ ಆಧಾರವನ್ನು ಆ ಸಮಾಜ ಒದಗಿಸಿರಲಿಲ್ಲ.

೪

ಸ್ಟೈನ್‌ಬೆಕ್ಕನ ಪಾತ್ರಗಳು ಅಂಜಿದ ಪಂಜರ ಕಲ್ಪನೆಯದಲ್ಲವೆಂಬುದನ್ನು ಮುಂದಿನ ದಶಕಗಳು ತೋರಿಸಿದವು. ನ್ಯೂಯಾರ್ಕಿನ ವಿಲೋಬ್ರೂಕ್ ಸಂಸ್ಥೆಯನ್ನು ೧೯೬೫ರಲ್ಲಿ ಸಂದರ್ಶಿಸಿದ ಸೆನೆಟರ್ ರಾಬರ್ಟ್ ಕೆನೆಡಿ ಅದನ್ನು ಬಹಿರಂಗವಾಗಿ ಖಂಡಿಸಿದನು. ಇಂಥ ಸಂಸ್ಥೆಗಳ ಒಳಗಿನ ಛಾಯಾಚಿತ್ರಗಳನ್ನು ಬರ್ಟನ್ ಬ್ಲಾಟ್ ಮತ್ತು ಫ್ರೆಡ್ ಕಪ್ಲಾನ್ ಎಂಬುವರು ೧೯೬೬ರಲ್ಲಿ ಪುಸ್ತಕವಾಗಿ ಹೊರತಂದರು. ೧೯೭೫ರಲ್ಲಿ ನ್ಯಾಯಾಲಯದ ತೀರ್ಪೊಂದು ವಿಲೋಬ್ರೂಕಿನ ನಿವಾಸಿಗಳನ್ನು ಸಮುದಾಯದ ನಡುವಣ ಮನೆಗಳಿಗೆ ಸಾಗಿಸಲು ದಾರಿ ಮಾಡಿತು. ೧೯೮೭ರಲ್ಲಿ ಆ ಸಂಸ್ಥೆ ಮುಚ್ಚಿತು. ಸ್ವೀಡನ್ನಿನ ಬೆಂಗ್ಟ್ ನೀರ್ಯೆ ೧೯೬೯ರಲ್ಲಿ ಪ್ರತಿಪಾದಿಸಿದ ತತ್ತ್ವ ಈ ಬದಲಾವಣೆಗೆ ಸಿದ್ಧಾಂತದ ಬೆನ್ನೆಲುಬಾಯಿತು. ದಿನಕ್ಕೊಂದು ಲಯ, ವಾರಕ್ಕೊಂದು ಲಯ, ವರ್ಷಕ್ಕೊಂದು ಲಯ ಎಲ್ಲರ ಬಾಳಿಗೂ ಉಂಟು; ವೈಕಲ್ಯವುಳ್ಳವರಿಗೂ ಅದೇ ಲಯ ಸಲ್ಲಬೇಕು ಎಂಬುದು ಅದರ ಸಾರ.

ಟಾಮ್ ಗ್ರಿಫಿನ್ನನ 'ದಿ ಬಾಯ್ಸ್ ನೆಕ್ಸ್ಟ್ ಡೋರ್' ನಾಟಕ ನ್ಯೂಯಾರ್ಕಿನಲ್ಲಿ ಪ್ರಯೋಗವಾದುದು ವಿಲೋಬ್ರೂಕ್ ಮುಚ್ಚಿದ ೧೯೮೭ರಲ್ಲೇ. ಇದರ ರಂಗಸ್ಥಳವೇ ಒಂದು ಸಮೂಹಗೃಹ. ಆರ್ನಾಲ್ಡ್, ಲೂಸಿಯನ್, ನಾರ್ಮನ್, ಬ್ಯಾರಿ ಎಂಬ ನಾಲ್ವರು ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಜ್ಯಾಕ್ ಎಂಬ ಸಮಾಜಕಾರ್ಯಕರ್ತನು ಅವರ ಮೇಲ್ವಿಚಾರಕ. ಬೆಂಜಿಗೆ ಇಲ್ಲದಿದ್ದುದು, ಲೆನ್ನಿಗೆ ದಕ್ಕದಿದ್ದುದು ಇವರಿಗೆ ದೊರೆತಿದೆ: ನೆರೆಹೊರೆಯುಳ್ಳ ಮನೆ, ಕೆಲಸ, ಗೆಳತಿಯೊಡನೆ ನೃತ್ಯ. ಹೀಗಿರುವಲ್ಲಿ ಈ ನಾಟಕದ ಗುಣದೋಷಗಳ ಪರಿಶೀಲನೆ ಅಗತ್ಯ.

ನಾಟಕದ ಬಹುಭಾಗ ಹಾಸ್ಯ. ಭರತನು ಹಾಸ್ಯದ ವಿಭಾವಗಳನ್ನು ಎಣಿಸುವಲ್ಲಿ ವಿಕೃತವೇಷದೊಡನೆ ಅಸಂಬದ್ಧ ಪ್ರಲಾಪವನ್ನೂ ಅಂಗವೈಕಲ್ಯದ ದರ್ಶನವನ್ನೂ ಸೇರಿಸಿದ್ದಾನೆ. ಗ್ರಿಫಿನ್ನನ ಹಾಸ್ಯ ಬಹುಮಟ್ಟಿಗೆ ಈ ಹಳೆಯ ವಿಭಾವಗಳನ್ನೇ ನೆಚ್ಚಿದೆ. ಪಾತ್ರಗಳು ತಾವು ನಕ್ಕು ನಮ್ಮನ್ನು ನಗಿಸುವ ಪ್ರಸಂಗಗಳು ಕಡಮೆ. ಅವರಿಗೆ ತಿಳಿಯದೆಯೇ ನಾವು ನಗುವ ಪ್ರಸಂಗಗಳು ಹೆಚ್ಚು. ನಗುವವರೂ ನಗೆಗೀಡಾದವರೂ ನೆರೆಹೊರೆಯವರೆಂದು ಶೀರ್ಷಿಕೆ ಸಾರುತ್ತದೆ. ನಗೆಯ ರೀತಿಯಾದರೋ ನಡುವೆ ಮತ್ತೊಂದು ಬೇಲಿಯನ್ನು ಹಾಕುತ್ತದೆ.

ಇದು ನಾಟಕಕಾರನಿಗೂ ತಿಳಿದಿದ್ದಂತಿದೆ. ಆದಕಾರಣವೇ ಅವನು ಎರಡು ಸಂದರ್ಭಗಳಲ್ಲಿ ನಾಟಕದ ವಾಸ್ತವರೀತಿಯನ್ನು ಮುರಿದಿದ್ದಾನೆ. ನಾರ್ಮನ್ ಮತ್ತು ಶೀಲಾ ನೃತ್ಯ ಮಾಡುವಾಗ ಅವರ ತೊಡಕೆಲ್ಲ ಕಳಚಿ ಅವರು ಸುಲಲಿತವಾಗಿ ಕುಣಿಯುತ್ತಾರೆ. ಸರ್ಕಾರದ ನೆರವು ಉಳಿಯಬೇಕೋ ಬೇಡವೋ ಎಂಬ ವಿಚಾರಣೆಗಾಗಿ ಲೂಸಿಯನ್ನನು ಶಾಸಕರ ಸಮಿತಿಯೆದುರು ನಿಂತಾಗ, ತಡವರಿಸುತ್ತಿದ್ದ ಅವನು ಇದ್ದಕ್ಕಿದ್ದಂತೆ ಸುಸಂಬದ್ಧವಾದ ಮಾತಿನಲ್ಲಿ ತನ್ನ ಅಂತರಂಗವನ್ನು ತೆರೆಯುತ್ತಾನೆ. ಪ್ರೇಕ್ಷಕರನ್ನು ಗಾಢವಾಗಿ ಕಲಕುವ ಪ್ರಸಂಗಗಳಿವು. ಆದರೆ ಲೂಸಿಯನ್ನನಿಗೆ ಘನತೆಯನ್ನು ಕೊಡಲು ಕವಿ ಅವನಿಂದ ವೈಕಲ್ಯವನ್ನು ತೆಗೆದುಹಾಕಬೇಕಾಯಿತು. ತಡವರಿಸುವ ಲೂಸಿಯನ್ನನೇ ಘನತೆಗೆ ಅರ್ಹನೆಂದು ತೋರಿಸುವ ಶಕ್ತಿ ನಾಟಕಕ್ಕೆ ಒದಗಲಿಲ್ಲ. ಡೇನಿಯಲ್ ಕೀಸನು ೧೯೬೬ರ 'ಫ್ಲವರ್ಸ್ ಫಾರ್ ಆಲ್ಜರ್ನಾನ್' ಕಾದಂಬರಿಯಲ್ಲಿ ಚಾರ್ಲಿಗೆ ಶಸ್ತ್ರಚಿಕಿತ್ಸೆಯ ಮೂಲಕ ಕೆಲಕಾಲ ಬುದ್ಧಿಯನ್ನು ಕೊಟ್ಟು ಮಾತನಾಡಿಸಿದುದೂ ಇದೇ ಬಗೆಯ ಉಪಾಯ. ಬುದ್ಧಿ ಅಳಿದ ಮೇಲೆ ಚಾರ್ಲಿ ತಾನಾಗಿಯೇ ಸರ್ಕಾರಿ ಸಂಸ್ಥೆಗೆ ಹೊರಡುತ್ತಾನೆ.

ನಾಟಕದ ಶ್ರೇಷ್ಠ ಸಿದ್ಧಿ ಇರುವುದು ಹೆಚ್ಚು ಸದ್ದಿಲ್ಲದ ಒಂದೆಡೆಯಲ್ಲಿ. ನಾರ್ಮನ್ ಸೊಂಟಕ್ಕೆ ದೊಡ್ಡದೊಂದು ಬೀಗದ ಕೈಗಳ ಗೊಂಚಲನ್ನು ಕಟ್ಟಿಕೊಂಡಿರುತ್ತಾನೆ. ಶೀಲಾಗೆ ಅದರ ಮೇಲೆ ಆಸೆ. ಅವನಿಗೆ ಅದನ್ನು ಬಿಡಲು ಮನಸ್ಸಿಲ್ಲ. ಕೊನೆಗೆ ಅವನು ಅವಳಿಗೆ ಬೀಗದ ಕೈ ಕೊಡುವಾಗ ಅದು ಪ್ರೇಮನಿವೇದನೆಯಾಗುತ್ತದೆ. ಸರ್ವಾವರಣ ಸಂಸ್ಥೆಯಲ್ಲಿ ಬೀಗದ ಕೈ ಸದಾ ನೌಕರನ ಸೊಂಟದಲ್ಲಿರುತ್ತದೆ. ಇಲ್ಲಿ ಅದು ನಿವಾಸಿಯ ಸೊಂಟಕ್ಕೆ ಬಂದಿದೆ. ಅವನದನ್ನು ಇನ್ನೊಬ್ಬರಿಗೆ ಕೊಡಬಲ್ಲ. ನಾರ್ಮನ್ ಇಲ್ಲಿ ಬದಲಾಗಿಲ್ಲ, ಅವನ ತೊಡಕು ಹಾಗೆಯೇ ಇದೆ. ಆದರೂ ಅವನು ಪೂರ್ಣಮನುಷ್ಯನಾಗಿ ಕಾಣುತ್ತಾನೆ. ನೃತ್ಯದ ಕನಸಿಗಿಂತ ಈ ಚಿಕ್ಕ ಕ್ರಿಯೆ ಹೆಚ್ಚು ಸತ್ಯವಾದುದು.

ಆದರೆ ಜ್ಯಾಕನ ವಿಷಯ? ಅವನು ಒಳ್ಳೆಯವನು; ಬಳಲಿದವನು. ಕೊನೆಗೆ ಕೆಲಸ ಬಿಟ್ಟು ಪ್ರವಾಸಸಂಸ್ಥೆಯೊಂದಕ್ಕೆ ಸೇರುತ್ತಾನೆ. ಡಿಲ್ಸಿ, ಜಾರ್ಜ್, ಜ್ಯಾಕ್, ಹೀಗೆ ಮೂರನೆಯ ಬಾರಿಗೆ ಒಬ್ಬನ ಸಹನೆಯ ಮೇಲೆ ನಿಂತ ಮನೆಯನ್ನು ಕಾಣುತ್ತೇವೆ. ಅವನನ್ನು ದೂಷಿಸದೆ ಹೊರಡಲು ಬಿಟ್ಟಿರುವುದು ನಾಟಕಕಾರನ ಪ್ರಾಮಾಣಿಕತೆಗೆ ಸಾಕ್ಷಿ.

೫

ಕೆಂಜಬುರೊ ಒಯೆಯ, ೧೯೮೩ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟವಾಗಿ ಇಂಗ್ಲಿಷಿಗೆ 'ರೌಸ್ ಅಪ್ ಓ ಯಂಗ್ ಮೆನ್ ಆಫ್ ದಿ ನ್ಯೂ ಏಜ್' ಎಂಬ ಹೆಸರಿನಿಂದ ಬಂದ ಕೃತಿ ಮೇಲಿನ ಮೂರಕ್ಕಿಂತ ಭಿನ್ನವಾದ ದಾರಿಯನ್ನು ಹಿಡಿದಿದೆ. ಶೀರ್ಷಿಕೆ ಬ್ಲೇಕ್ ಕವಿಯಿಂದ ಬಂದದ್ದು. ನಿರೂಪಕನು ಲೇಖಕ, ತಂದೆ. ಅವನ ಮಗನಿಗೆ ಮಿದುಳಿನ ಊನ. ಮನೆಯವರೆಲ್ಲ ಅವನನ್ನು ಈಯೋರ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಾರೆ. ಕೃತಿಯ ಆರಂಭದಲ್ಲಿ ತಂದೆ ಪರದೇಶಕ್ಕೆ ಹೋಗಿದ್ದಾಗ ಮಗ ತಂದೆ ಸತ್ತೇಹೋದನೆಂಬಂತೆ ವರ್ತಿಸಿ ಮನೆಯವರನ್ನು ತಲ್ಲಣಗೊಳಿಸುತ್ತಾನೆ. ತನ್ನ ಮರಣಾನಂತರ ಮಗನಿಗೆ ಉಪಯೋಗಕ್ಕೆ ಬರಲೆಂದು ಲೋಕದ ವಸ್ತುಗಳಿಗೆಲ್ಲ ವಿವರಣೆಗಳನ್ನು ಬರೆದಿಡುವ ಹಂಬಲ ತಂದೆಯದು. ನಮ್ಮ ಮೂರನೆಯ ಪ್ರಶ್ನೆಯನ್ನು ಒಯೆ ಹೀಗೆ ಮೊದಲಲ್ಲೇ ಇಟ್ಟಿದ್ದಾನೆ.

ಅದಕ್ಕೆ ಉತ್ತರ ತಂದೆಯ ವಿವರಣೆಗಳಲ್ಲಿ ಸಿಗುವುದಿಲ್ಲ. ಕೊನೆಯಲ್ಲಿ ಮಗ ಶಾಲೆಯ ವಸತಿನಿಲಯಕ್ಕೆ ಹೋಗಿ, ವಾರಾಂತ್ಯದಲ್ಲಿ ಮನೆಗೆ ಬರುತ್ತಾನೆ. ಊಟಕ್ಕೆ ಅಡ್ಡಹೆಸರಿನಿಂದ ಕರೆದರೆ ಓಗೊಡುವುದಿಲ್ಲ. ಅವನಿಗೆ ಬೇಕಾದುದು ಸ್ವಂತ ಹೆಸರೆಂಬುದನ್ನು ತಂದೆ ತಿಳಿಯಲಾರ, ತಮ್ಮ ತಿಳಿಯುತ್ತಾನೆ. ಬೆಳಕೆಂಬ ಅರ್ಥದ ಹಿಕರಿ ಎಂಬ ಹೆಸರಿನಿಂದ ಕರೆದಾಗ ಅವನು ಬರುತ್ತಾನೆ. ಬೆಂಜಿಯ ಹೆಸರನ್ನು ಮನೆ ಕಿತ್ತುಕೊಂಡಿತು. ಹಿಕರಿ ತನ್ನ ಹೆಸರನ್ನು ಮನೆಯಿಂದ ಹೊರಗೆ ಹೋಗಿ ಪಡೆದುಕೊಂಡು ಬಂದನು. ಓರಗೆಯವರೊಡನೆ ಬೇರೊಂದು ಸೂರಿನಡಿ ಕಳೆದ ಕೆಲವು ದಿನಗಳು ಅವನನ್ನು ಮಗುವಿನ ಸ್ಥಾನದಿಂದ ವಯಸ್ಕನ ಸ್ಥಾನಕ್ಕೆ ಏರಿಸಿದವು. ತಾಯ್ತಂದೆಗಳ ಪ್ರೀತಿ ಎಷ್ಟೇ ಉಜ್ಜ್ವಲವಾಗಿರಲಿ, ಅದು ಒಬ್ಬನನ್ನು ಎಂದೆಂದಿಗೂ ಮಗುವಾಗಿಯೇ ಉಳಿಸಿಬಿಡಬಹುದೆಂಬ ಸೂಕ್ಷ್ಮವನ್ನು, ಆ ಪ್ರೀತಿಗೆ ಅಪಚಾರವಾಗದಂತೆ, ಒಯೆ ತೋರಿಸಿದ್ದಾನೆ. ಲೂಸಿಯನ್ನನಿಗೆ ಒದಗಿಸಿದ ಮಾತಿನ ಪವಾಡ ಇಲ್ಲಿ ಬೇಕಾಗಲಿಲ್ಲ; ಒಂದು ಮೌನ ಸಾಕಾಯಿತು. ನಾಲ್ಕು ಕೃತಿಗಳಲ್ಲಿ ಇದನ್ನು ಶ್ರೇಷ್ಠವೆಂದು ನಾವು ಎಣಿಸುವುದು ಈ ಕಾರಣದಿಂದ.

೬

ಈ ವಿವೇಚನೆ ನಮಗೆ ದೂರದ್ದಲ್ಲ. ಜ್ಯಾನ್ ವಾನಿಯೆ ೧೯೬೪ರಲ್ಲಿ ಫ್ರಾನ್ಸಿನ ತ್ರೋಸ್ಲಿ-ಬ್ರೂಯಿ ಎಂಬ ಹಳ್ಳಿಯಲ್ಲಿ, ಸಂಸ್ಥೆಯೊಂದರಿಂದ ಕರೆತಂದ ಬೌದ್ಧಿಕ ವೈಕಲ್ಯದ ಗಂಡಸರೊಡನೆ ಒಂದೇ ಮನೆಯಲ್ಲಿ ವಾಸಮಾಡತೊಡಗಿದುದರಿಂದ ಲಾರ್ಶ್ ಎಂಬ ಸಹವಾಸಗೃಹಗಳ ಬಳಗ ಹುಟ್ಟಿತು. ಅದರ ಭಾರತೀಯ ಗೃಹಗಳಲ್ಲಿ ಮೊದಲನೆಯದು ೧೯೭೦ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಆಶಾನಿಕೇತನ. ೨೦೧೯ರಲ್ಲಿ ವಾನಿಯೆ ತೀರಿಕೊಂಡ ಮೇಲೆ, ಅವನು ಆಧ್ಯಾತ್ಮಿಕ ಮಾರ್ಗದರ್ಶನದ ನೆವದಲ್ಲಿ ಹಲವರು ಸ್ತ್ರೀಯರನ್ನು ಲೈಂಗಿಕವಾಗಿ ಶೋಷಿಸಿದ್ದನೆಂಬುದನ್ನು ಲಾರ್ಶ್ ತಾನೇ ನಡೆಸಿದ ತನಿಖೆಯ ಮೂಲಕ ೨೦೨೦ರಲ್ಲಿ ಪ್ರಕಟಿಸಿತು. ಆ ಸ್ತ್ರೀಯರು ವೈಕಲ್ಯವುಳ್ಳವರಾಗಿರಲಿಲ್ಲ. ಸಂತನೆಂದು ಲೋಕ ಕೊಂಡಾಡಿದವನ ಹೆಸರು ಹೀಗೆ ಕುಸಿದರೂ ಮನೆಗಳು ನಿಂತಿವೆ. ಮನೆಯ ಆಧಾರ ಒಬ್ಬನ ಸಾಧುತ್ವವಾಗಬಾರದೆಂದು ಮೂರು ಕೃತಿಗಳಿಂದ ನಾವು ಕಲಿತ ಪಾಠವನ್ನು ಇತಿಹಾಸವೂ ಹೇಳುತ್ತಿದೆ.

ಆಧಾರ ಇನ್ನೇನು? ವ್ಯವಸ್ಥೆ, ಹಕ್ಕು, ನೆರೆಹೊರೆ. ತಂದೆತಾಯಿಗಳು ತೀರಿಕೊಂಡ ಮೇಲಿನ ಆರೈಕೆಯನ್ನು ತನ್ನ ಉದ್ದೇಶಗಳಲ್ಲೇ ಹೆಸರಿಸಿದ ರಾಷ್ಟ್ರೀಯ ನ್ಯಾಸ ಅಧಿನಿಯಮ ನಮ್ಮ ದೇಶದಲ್ಲಿ ೧೯೯೯ರಲ್ಲಿ ಬಂದಿತು. ಅದರಡಿ 'ಘರೌಂದಾ' ಎಂಬ ಸಮೂಹಗೃಹ ಯೋಜನೆ ರೂಪುಗೊಂಡಿತು. ವಿಶ್ವಸಂಸ್ಥೆಯ ೨೦೦೬ರ ಒಡಂಬಡಿಕೆಯ ಹತ್ತೊಂಬತ್ತನೆಯ ವಿಧಿ, ಎಲ್ಲಿ ಯಾರೊಡನೆ ವಾಸಿಸಬೇಕೆಂಬುದನ್ನು ಆರಿಸಿಕೊಳ್ಳುವ ಅವಕಾಶವನ್ನು ವೈಕಲ್ಯವುಳ್ಳವರಿಗೂ ಸಾರಿತು; ಭಾರತ ಅದನ್ನು ೨೦೦೭ರಲ್ಲಿ ಅನುಮೋದಿಸಿತು. ೨೦೧೬ರ ಹಕ್ಕುಗಳ ಅಧಿನಿಯಮದ ಐದನೆಯ ಪ್ರಕರಣವು ಸಮುದಾಯದಲ್ಲಿ ಬಾಳುವುದು ಹಕ್ಕೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ಯಾರನ್ನೂ ನಿರ್ದಿಷ್ಟವಾದೊಂದು ವಸತಿಗೆ ಕಟ್ಟಿಹಾಕದಿರುವ ಹೊಣೆಯ ವಿಷಯದಲ್ಲಿ ಸರ್ಕಾರವು 'ಪ್ರಯತ್ನಿಸತಕ್ಕದ್ದು' ಎಂಬ ಕ್ರಿಯಾಪದವನ್ನು ಬಳಸಿದೆ. ಪದಗಳ ತೂಕವನ್ನು ಬಲ್ಲ ಭಾಷಾವಿದ್ಯಾರ್ಥಿಗಳು ಈ ಕ್ರಿಯಾಪದದ ಸಡಿಲವನ್ನು ಗಮನಿಸದಿರಲಾರರು. 'ನಮ್ಮ ನಂತರ ಇವನಿಗೆ ಯಾರು?' ಎಂದು ಕೇಳುವ ಹೆತ್ತವರ ಆತಂಕ ಇರುವುದು ಆ ಸಡಿಲದಲ್ಲೇ.

ಸಮೂಹಗೃಹವೆಂಬ ಫಲಕ ತೂಗಿದ ಮಾತ್ರಕ್ಕೆ ಅದು ಮನೆಯಾಗದು. ಕಾಂಪ್ಸನ್ನರ ಮನೆ ಸೆರೆಯಾದಂತೆ ನಾಲ್ಕು ಹಾಸಿಗೆಯ ಗೃಹವೂ ಚಿಕ್ಕ ವಿಲೋಬ್ರೂಕ್ ಆಗಬಹುದು. ಯಾವ ಹೊತ್ತಿಗೆ ಉಣ್ಣಬೇಕು, ಯಾರನ್ನು ಒಳಗೆ ಕರೆಯಬೇಕು, ತನ್ನನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನು ಅಲ್ಲಿರುವವನೇ ನಿಶ್ಚಯಿಸಬಲ್ಲನಾದರೆ ಅದು ಮನೆ. ಕನ್ನಡದಲ್ಲಿ ಈ ವಸ್ತುವನ್ನು ಎತ್ತಿಕೊಳ್ಳುವ ಲೇಖಕನು ಅಂಥ ಪಾತ್ರವನ್ನು ನಿರ್ಮಿಸುವಾಗ ಅವನಿಗೆ ಕಣ್ಣೀರನ್ನಾಗಲಿ ಪವಾಡದ ಮಾತನ್ನಾಗಲಿ ದಾನಮಾಡಬೇಕಾಗಿಲ್ಲ; ಒಂದು ಬಾಗಿಲನ್ನೂ ಅದರ ಬೀಗದ ಕೈಯನ್ನೂ ಕೊಟ್ಟರೆ ಸಾಕು. ಅವನ ವಿಷಯದಲ್ಲಿ ನಮ್ಮಲ್ಲಿ ಯಾವ ರಸ ಹುಟ್ಟಬೇಕೆಂಬುದು ಅಲ್ಲಿಂದ ಮುಂದಿನ ಮಾತು.